ಕಾದ ಮೇಲೆ ಹಾಡುವ ಡಬ್ಬಿ

ಪಂಕಜನ ಗಿಟಾರಿಗೆ ದನಿ ಕೊಡುತ್ತಿದ್ದ ಹಳೆಯ ಆಂಪ್ಲಿಫೈಯರು ಸಾಂಗ್ಲಿ ಬಳಿಯ ಕಸಬೆ ಡಿಗ್ರಜದ ಒಂದು ಮದುವೆಯಲ್ಲಿ ಹಾಡಿನ ನಡುವೆ ಬಾಯಿ ಮುಚ್ಚಿಕೊಂಡಿತು. ಅದು ಹಾಗೆ ಮಾಡಿದ್ದು ಅದೇ ಮೊದಲಲ್ಲ. ಆದರೆ ಈ ಸಲ ಆರ್ಕೆಸ್ಟ್ರಾದ ಯಜಮಾನ ನಿಲೇಶ ತನ್ನ ಕೀಬೋರ್ಡಿನ ಒಂದು ಬಟನ್ ಒತ್ತಿದ. ಕೀಬೋರ್ಡಿನಿಂದಲೇ ಗಿಟಾರಿನ ದನಿ ಬಂತು. ಜನಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಆದರೆ ಚಪ್ಪಾಳೆ ಮೊದಲಿಗಿಂತ ಜಾಸ್ತಿ ಬಿತ್ತು. ಪಂಕಜ ದನಿಯಿಲ್ಲದ ಗಿಟಾರನ್ನು ಕೊನೆಯವರೆಗೂ ಬಾರಿಸಿದಂತೆ ಮಾಡಿ, ನಕ್ಕು, ಕೈಮುಗಿದು ಕೆಳಗಿಳಿದ.

"ಸಿಟ್ಟಾಗಬ್ಯಾಡ ಪಂಕಜ," ಎಂದ ನಿಲೇಶ, ವೈರು ಸುತ್ತುತ್ತ. "ಶನಿವಾರ ಮಿರಜದಾಗ ರಿಸೆಪ್ಶನ್ ಐತಿ. ಭರವಸೆದ್ದೊಂದು ಆಂಪ್ ತಗೊಂಡು ಬಾ. ಅವತ್ತೂ ಹಿಂಗ ಆದ್ರ ನಾ ಈ ಬಟನ್ನ ಒತ್ತಿ ಕೆಲಸ ಮುಗಸ್ತೇನಿ ನೋಡು. ಬಟನ್ನಿಗೆ ಊಟಾನೂ ಬ್ಯಾಡ, ಗಾಡ್ಯಾಗ ಸೀಟೂ ಬ್ಯಾಡ."

ಪಂಕಜ ಸಾಂಗ್ಲಿಯ ವಿಶ್ರಾಮಬಾಗದ ಒಂದು ಪತಸಂಸ್ಥೆಯಲ್ಲಿ, ಅಂದರೆ ಸಾಲ ಕೊಡುವ ಸಹಕಾರಿ ಸಂಘದಲ್ಲಿ, ಕೌಂಟರಿನಲ್ಲಿ ಕೂರುವವನು. ಅಲ್ಲಿ ಅವನನ್ನು ಜನ ಮರಾಠಿಯಲ್ಲಿ "ಅಹೋ", ಅಂದರೆ "ಏನ್ರೀ" ಎನ್ನುತ್ತಾರೆ, "ಸಾಹೇಬ" ಎನ್ನುತ್ತಾರೆ, ಸಾಲ ಮಂಜೂರಾಗದಿದ್ದರೆ ಇನ್ನೇನೋ ಎನ್ನುತ್ತಾರೆ. ನಾಲ್ಕು ಜನರ ಮುಂದೆ ಅವನ ಹೆಸರು ಹಿಡಿದು ಕರೆಯುವುದು ವೇದಿಕೆಯ ಮೇಲೆ ಮಾತ್ರ. "ಆತಾ ಗಿಟಾರವರ, ಪಂಕಜ" ಎಂದು ನಿಲೇಶ ಮೈಕಿನಲ್ಲಿ ಮರಾಠಿಯಲ್ಲಿ, ಈಗ ಗಿಟಾರಿನಲ್ಲಿ ಪಂಕಜ ಅಂತ, ಹೇಳಿದಾಗ ಇವನ ಬೆನ್ನು ತಾನೇ ನೆಟ್ಟಗಾಗುತ್ತದೆ. ಆ ಒಂದು ಗಳಿಗೆಗಾಗಿ ಅವನು ವಾರವಿಡೀ ಬಡ್ಡಿಯ ಲೆಕ್ಕ ಮಾಡುತ್ತಾನೆ. ಅದನ್ನೂ ಒಂದು ಬಟನ್ ಕಿತ್ತುಕೊಂಡರೆ ಉಳಿಯುವುದು ಬಡ್ಡಿಯೇ.

ಹೀಗಾಗಿ ಅವನು ಟ್ಯೂಬಿನ ಆಂಪ್ಲಿಫೈಯರು ಕೊಳ್ಳುವುದೆಂದು ಗಟ್ಟಿಮಾಡಿದ. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳು ಅದರೊಳಗಿರುತ್ತವೆ. ಅವು ಕಾದು ಕೆಂಪಗಾದ ಮೇಲೆ ಗಿಟಾರಿಗೆ ಬರುವ ದನಿಯೇ ಬೇರೆ. ಮೊಬೈಲಿನಲ್ಲಿ ಓದಿ ಓದಿ ಅವನಿಗೆ ಒಂದು ಅಂದಾಜು ಸಿಕ್ಕಿತ್ತು: ಹಾಲ್ ತುಂಬುವಷ್ಟು ದನಿಯಿರುವ ಸಣ್ಣದು ಸಾಕು, ಟ್ಯೂಬು ಹೋದರೆ ಬೇರೆ ಸಿಗುವಂತಿರಬೇಕು, ಮುಖ್ಯವಾಗಿ ಒಬ್ಬನೇ ಎತ್ತುವಂತಿರಬೇಕು.

ಶನಿವಾರ ಬೆಳಿಗ್ಗೆ ಅವನು ಸದ್ದಿಲ್ಲದೆ ಸ್ಕೂಟರ್ ಹೊರಗೆ ತಳ್ಳಿದ. ಗೇಟಿನ ಹತ್ತಿರ ಜಯಕುಮಾರ ಕಾಕಾ ನಿಂತಿದ್ದರು.

"ಎಲ್ಲಿ ಹೊಂಟಿ?"

"ಮಿರಜಕ್ಕ ಕಾಕಾ."

"ಏನ್ ತರಾಕ?"

ಪಂಕಜ ನಿಜ ಹೇಳಿಬಿಟ್ಟ. ಅವನ ಮನೆಯಲ್ಲಿ ಯಾರೂ ಯಾವ ವಸ್ತುವನ್ನೂ ಒಬ್ಬರೇ ಹೋಗಿ ಕೊಂಡ ಇತಿಹಾಸವಿಲ್ಲ. ಕಾಕಾ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬರುವಷ್ಟರಲ್ಲಿ ಪಕ್ಕದ ಮನೆಯ ಅಪ್ಪಣ್ಣನವರೂ ಹೊರಬಿದ್ದಿದ್ದರು. ಅಪ್ಪಣ್ಣ ಸಾಂಗ್ಲಿ ಪೇಟೆಯ ಅರಿಷಿಣದ ವ್ಯಾಪಾರಿ. ತಮ್ಮದೇ ಟೆಂಪೋ ಇದ್ದವರು. "ಸ್ಕೂಟರ್ ಮ್ಯಾಲ ಎಂಥಾ ಸಾಮಾನ ತರ್ತಿ? ಹತ್ತು ಟೆಂಪೋ," ಎಂದರು. ಪಂಕಜ ಹತ್ತಿದ. ಇಬ್ಬರು ಹಿರಿಯರ ನಡುವೆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ, ಕನ್ಯೆ ನೋಡಲು ಹೊರಟ ಹಾಗಿತ್ತು.

ಮಿರಜದ ಗುರಲಿಂಗನ ಅಂಗಡಿಯಲ್ಲಿ ಮುಂದೆ ಸಿತಾರುಗಳು, ಹಿಂದೆ ಒಣಗಿದ ಕುಂಬಳದ ಬುರುಡೆಗಳು, ಮೂಲೆಯಲ್ಲಿ ಎರಡು ಟ್ಯೂಬಿನ ಆಂಪ್ಲಿಫೈಯರುಗಳು. ಒಂದು ಸಣ್ಣದು, ಬಣ್ಣ ಸ್ವಲ್ಪ ಹೋಗಿತ್ತು. ಇನ್ನೊಂದು ಮದುವೆಯ ಕಪಾಟಿನ ತಂಗಿಯಂತಿತ್ತು.

ಪಂಕಜ ಸಣ್ಣದಕ್ಕೆ ಗಿಟಾರು ಜೋಡಿಸಿ ಒಂದು ಸಲ ಮೀಟಿದ. ಎದೆಯೊಳಗೆ ಯಾರೋ ಬೆಚ್ಚಗಿನ ಹಾಲು ಸುರಿದಂತಾಯಿತು. ಇದೇ, ಇದೇ ಎಂದು ಮನಸ್ಸು ಹೇಳಿತು. ಆದರೆ ಮನಸ್ಸನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಗುರಲಿಂಗ ಟ್ಯೂಬುಗಳಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ, "ನೋಡ್ರಿ, ಖಣಖಣ ಅನ್ನೂದಿಲ್ಲ. ಅಂದ್ರ ಟ್ಯೂಬು ಗಟ್ಟಿ," ಎಂದು ತೋರಿಸಿದ್ದೇ ತಡ, ಕಾಕಾ ಬೆರಳು ಮಡಚಿ ಎರಡೂ ಡಬ್ಬಿಗಳಿಗೆ ಮೇಲೆ ಕೆಳಗೆ ತಟ್ಟುತ್ತ ಹೋದರು. ಆ ಭರದಲ್ಲಿ ಮೂರು ಬುರುಡೆಗಳಿಗೂ ಒಂದು ಸಿತಾರಿಗೂ ತಟ್ಟಿ ಬಂದರು.

ಅಪ್ಪಣ್ಣನವರದು ಬೇರೆ ಪರೀಕ್ಷೆ. ಸಣ್ಣದನ್ನು ಎತ್ತಿ ಕೆಳಗಿಟ್ಟರು. ದೊಡ್ಡದನ್ನು ಎತ್ತಲು ಹೋಗಿ, ಎತ್ತಲಾಗದೆ, ಸಂತೋಷಪಟ್ಟರು.

"ಸಣ್ಣದು ಎತ್ತಿದ್ರ ಎದ್ದ ಬರ್ತೈತಿ," ಎಂದರು. "ಹಂಗ ಎದ್ದ ಬರೂ ಮಾಲು ಭರವಸೆದ್ದಲ್ಲ."

"ಮಾವಾ, ಎತ್ತೂದು ನಾನಲ್ರಿ?"

"ನೀ ಸುಮ್ಮ ಕುಂದ್ರು."

ಅಪ್ಪಣ್ಣ ಹೆಗಲ ಟವೆಲನ್ನು ಗುರಲಿಂಗನ ಕೈಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. ಅವರ ಅಪ್ಪನ ಕಾಲದ ಪದ್ಧತಿ ಅದು. ಬಾಯಲ್ಲಿ ಬೆಲೆ ಆಡುವುದಿಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ಆಡುತ್ತಾರೆ. ಗುರಲಿಂಗನ ಅಪ್ಪನೂ ಬುರುಡೆಗಳನ್ನು ಹೀಗೆಯೇ ಕೊಳ್ಳುತ್ತಿದ್ದನಂತೆ. ಟವೆಲಿನ ಕೆಳಗೆ ಸ್ವಲ್ಪ ಹೊತ್ತು ಎರಡು ಇಲಿಗಳು ಜಗಳವಾಡಿದಂತೆ ಏನೋ ನಡೆಯಿತು. ಇಬ್ಬರ ಮುಖದಲ್ಲೂ ನೂರು ವರ್ಷದ ಗಾಂಭೀರ್ಯ ಬಂದಿತ್ತು.

"ಮಾವಾ, ಯಾವುದರದ ಮಾತು ನಡದೈತ್ರಿ?" ಎಂದು ಪಂಕಜ ಕೇಳುವಷ್ಟರಲ್ಲಿ ಟವೆಲು ಹೆಗಲಿಗೆ ಏರಿತ್ತು.

"ಆತು. ದೊಡ್ಡದು ನಮ್ದು."

"ನನಗ ಸಣ್ಣದು ಬೇಕಾಗಿತ್ತಲ್ರಿ."

ಕಾಕಾ ಅವನ ಕಿವಿಯ ಹತ್ತಿರ ಬಂದು, "ಟವೆಲಿನ ಕೆಳಗ ಕೊಟ್ಟ ಮಾತು ಮುರೀತಾರೇನೋ? ನಾಳೆ ಅಪ್ಪಣ್ಣ ಪ್ಯಾಟ್ಯಾಗ ಮಾರಿ ಹ್ಯಾಂಗ ತೋರಿಸ್ಬೇಕು?" ಎಂದರು. ಪಂಕಜ ಅಪ್ಪಣ್ಣನವರ ಮುಖ ನೋಡಿದ. ಅದು ಸಾಂಗ್ಲಿ ಪೇಟೆಗೆ ತೋರಿಸಲೇಬೇಕಾದ ಮುಖವಾಗಿತ್ತು. ಅವನು ಮೊಬೈಲು ತೆಗೆದು ದುಡ್ಡು ಕಳಿಸಿದ.

ಗುರಲಿಂಗ ಖುಷಿಯಿಂದ ವಿವರ ಹೇಳಿದ. "ಎರಡು ಸ್ವಿಚ್ ಅದಾವ್ರಿ. ಮೊದಲನೇದು ಟ್ಯೂಬು ಕಾಯಾಕ. ಕೆಂಪಗ ಆಗೂತನಾ ಬಿಡ್ರಿ. ಆಮ್ಯಾಲ ಎರಡನೇದು, ಆವಾಜಿಗೆ. ನಡುವ ಆರಿಸಿದ್ರ ಪೂರಾ ತಣ್ಣಗಾಗಾಕ ಬಿಟ್ಟು ಮತ್ತ ಹಾಕ್ರಿ, ಗಡಿಬಿಡಿ ನಡ್ಯಾಂಗಿಲ್ಲ. ತೂತೂ ಎರಡು ಅದಾವ. ಗಿಟಾರ ಹಾಕ್ರಿ, ಮೈಕ ಹಾಕ್ರಿ, ಏನರ ಹಾಕ್ರಿ. ವೋಲ್ಟೇಜ್ ಏರ್ಲಿ, ಇಳೀಲಿ, ಇದು ಕೈ ಕೊಡೂ ಪೈಕಿ ಅಲ್ಲ."

ಆ ಕೊನೆಯ ಮಾತು ಪಂಕಜನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ನಾಲ್ಕು ಜನ ಸೇರಿ ಡಬ್ಬಿಯನ್ನು ಟೆಂಪೋಗೆ ಏರಿಸಿದರು.

ಮನೆಯಲ್ಲಿ ಅಜ್ಜಿ ಮಾಣಿಕಬಾಯಿ ಕಾಯುತ್ತಿದ್ದರು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಾರೆ. ಆಯಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ತಿಂದವರಲ್ಲ. ಬೇಡದ ಕಡೆ ದೀಪ ಉರಿದರೆ ಅವರಿಗೆ ನಿದ್ದೆ ಬರುವುದಿಲ್ಲ, ಏಕೆಂದರೆ ದೀಪಕ್ಕೆ ಹುಳ ಬರುತ್ತದೆ, ಬಂದ ಹುಳ ಸಾಯುತ್ತದೆ. ಪಂಕಜ ಪರೀಕ್ಷೆಗೆಂದು ಮೊದಲ ಸ್ವಿಚ್ ಹಾಕಿದಾಗ ಅವರು ಬಗ್ಗಿ ಒಳಗೆ ನೋಡಿದರು.

"ಒಳಗ ದೀಪ ಉರ್ಯಾಕ ಹತ್ಯಾವಲ್ಲೋ."

"ದೀಪ ಅಲ್ರಿ ಆಯಿ, ಟ್ಯೂಬು."

"ಕೆಂಪಗ ಉರೀತೈತಿ, ಕೈಗೆ ಬಿಸಿ ಹತ್ತೈತಿ. ಹುಳ ಹೊಕ್ರ?"

"ಮುಂದ ಜಾಳಿಗಿ ಐತ್ರಿ."

"ಸಣ್ಣ ಹುಳಕ್ಕ ಜಾಳಿಗಿ ಅಂದ್ರ ಬಾಗಲಾ," ಎಂದು ಆಯಿ ನೀರು ಸೋಸುವ ಬಟ್ಟೆ ತಂದರು. ಬಟ್ಟೆ ಹೊದಿಸಿದರೆ ಇದು ಕಾದು ಸುಟ್ಟುಹೋಗುತ್ತದೆ ಎಂದು ಪಂಕಜ ಕೈಮುಗಿದು ಬೇಡಿಕೊಂಡ ಮೇಲೆ ಆಯಿ ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ. "ನಾನೂ ಬರ್ತೇನಿ. ಇದರ ಬಾಜೂಕ ಕುಂತು ಕಾಯ್ತೇನಿ."

ರಿಸೆಪ್ಶನ್ನು ಜೈನರ ಮನೆಯದು. ಆದ್ದರಿಂದ ಕಾರ್ಯಕ್ರಮ ಬಿಸಿಲಿರುವಾಗಲೇ ಶುರು, ಊಟ ಹೊತ್ತು ಮುಳುಗುವುದರೊಳಗೆ. ಪಂಕಜ ಆಯಿ, ಕಾಕಾ, ಅಪ್ಪಣ್ಣನವರ ಜೊತೆ ಅದೇ ಟೆಂಪೋದಲ್ಲಿ ಬೇಗ ಹೋಗಿ ವೇದಿಕೆಯ ಹಿಂದಿನ ಪರದೆಯ ಬಳಿ ಡಬ್ಬಿ ಇರಿಸಿ, ಮೊದಲ ಸ್ವಿಚ್ ಹಾಕಿದ. ಆಯಿ ಖುರ್ಚಿ ಎಳೆದುಕೊಂಡು ಅದರ ಪಕ್ಕ ಕೂತರು, ಹುಳ ಓಡಿಸಲು ಕೈಯಲ್ಲಿ ಸೆರಗಿನ ಚುಂಗು.

"ವಧು-ವರ ಒಳಗ ಬರೂ ಮುಂದ ನೀ ಒಬ್ಬನ ಬಾರ್ಸು," ಎಂದ ನಿಲೇಶ. "ಮರ್ಯಾದಿ ನಿನ್ನ ಕೈಯಾಗೈತಿ."

ಪಂಕಜ ಅಂಗಿ ಸರಿಮಾಡಿಕೊಳ್ಳಲು ಕನ್ನಡಿಯ ಹತ್ತಿರ ಹೋಗಿಬಂದ. ಹೊರಗೆ ವಾಜಂತ್ರಿಯವರ ವಾದ್ಯ ನಿಂತಿತು. ಬಾಗಿಲಲ್ಲಿ ವಧು-ವರ ಕಾಣಿಸಿದರು. "ಆತಾ ಗಿಟಾರವರ, ಪಂಕಜ," ಎಂದು ನಿಲೇಶ ಹೇಳಿದ. ಪಂಕಜ ಬೆನ್ನು ನೆಟ್ಟಗೆ ಮಾಡಿ, ಎರಡನೇ ಸ್ವಿಚ್ ಒತ್ತಿ, ತಂತಿ ಮೀಟಿದ. ಏನೂ ಬರಲಿಲ್ಲ. ಮತ್ತೆ ಮೀಟಿದ. ಹಾಲಿನಲ್ಲಿ ಯಾರದೋ ಕೂಸು ಅತ್ತದ್ದು ಸ್ಪಷ್ಟವಾಗಿ ಕೇಳಿಸಿತು. ನಿಲೇಶ ನಿಟ್ಟುಸಿರು ಬಿಟ್ಟು ಬಟನ್ ಒತ್ತಿದ. ವಧು-ವರರು ಬಟನ್ನಿನ ಗಿಟಾರಿಗೆ ಹೆಜ್ಜೆ ಹಾಕುತ್ತ ಚೆಂದವಾಗಿ ಒಳಗೆ ಬಂದರು.

ಪಂಕಜ ಹಿಂದೆ ತಿರುಗಿ ನೋಡಿದ. ಮೊದಲ ಸ್ವಿಚ್ ಆರಿತ್ತು.

"ಆಯಿ, ಇದನ್ನ ಯಾರು ಬಂದ್ ಮಾಡಿದ್ರು?"

"ನಾನ. ಯಾರೂ ಬಾರ್ಸಾಕ ಹತ್ತಿದ್ದಿಲ್ಲ. ಸುಮ್ಮಸುಮ್ಮನ ಉರೀಲಿ ಅಂತೀಯೇನು?"

ಆಯಿಯ ಮೇಲೆ ಸಿಟ್ಟು ಮಾಡುವುದು ಅವನಿಗೆ ಬರುವುದಿಲ್ಲ. ತಣ್ಣಗಾಗಲು ಬಿಟ್ಟು, ಮತ್ತೆ ಸ್ವಿಚ್ ಹಾಕಿ, ಈ ಸಲ ತಾನೇ ಅದಕ್ಕೆ ಬೆನ್ನು ಕೊಟ್ಟು ಪೊಲೀಸಿನವನಂತೆ ನಿಂತ. ಹಾಡುಗಳು ಒಂದಾದಮೇಲೊಂದು ಬಟನ್ನಿನ ಗಿಟಾರಿನಲ್ಲೇ ಸಾಗಿದವು. ಕಿಟಕಿಯ ಬಿಸಿಲು ಹಳದಿಯಾಗತೊಡಗಿದಾಗ ಅವನು ನಿಲೇಶನ ಕಿವಿಯಲ್ಲಿ, "ಒಂದ ಹಾಡು ಕೊಡು. ಈಗ ಕಾದೈತಿ. ಇದೊಂದ ಸಲ," ಎಂದ. ನಿಲೇಶನಿಗೆ ಹಳೆಯ ಗೆಳೆತನ ನೆನಪಾಯಿತೋ ಏನೋ, ತಲೆಯಾಡಿಸಿದ.

ಪಂಕಜ ಮೀಟಿದ. ದನಿ ಬಂತು. ಹಾಲಿನ ಹಿಂದಿನ ಸಾಲಿನ ಮುದುಕರು ಕೂಡ ತಲೆ ಎತ್ತಿದರು. ಅದೇ ಕ್ಷಣಕ್ಕೆ ದೀಪಗಳು ಮಂಕಾಗಿ, ಮತ್ತೆ ಉರಿದು, ಮಂಟಪದವನ ಹೊಸ ಸೌಂಡ್ ಸಿಸ್ಟಿಮು ಗೊಟಕ್ ಎಂದು ನಿಂತಿತು. ಮೈಕು ಹೋಯಿತು, ನಿಲೇಶನ ಕೀಬೋರ್ಡಿಗೆ ದನಿಯಿಲ್ಲವಾಯಿತು, ಬಟನ್ ಬರೀ ಬಟನ್ ಆಯಿತು. ಇಡೀ ಹಾಲಿನಲ್ಲಿ ಬದುಕಿ ಉಳಿದದ್ದು ಪಂಕಜನ ಡಬ್ಬಿ ಒಂದೇ. ಗುರಲಿಂಗ ಹೇಳಿದ್ದು ಸುಳ್ಳಲ್ಲ. ಪಂಕಜನಿಗೆ ದೇವರು ಇದ್ದಾನೆ ಅನ್ನಿಸಿತು. ಅವನು ಒಬ್ಬನೇ ಬಾರಿಸಲು ಕೈ ಎತ್ತಿದ.

ಆ ಕೈಯನ್ನು ಕಾಕಾ ಹಿಡಿದರು.

"ಹೊತ್ತು ಮುಳಗಾಕ ಬಂತು, ಮಂದಿ ಇನ್ನೂ ಕುಂತಾರ. ಮೈಕ ಸತ್ತೈತಿ. ನಿಂದು ಜೀವಂತ ಐತಲ್ಲ?" ಎನ್ನುತ್ತ ಗಿಟಾರಿನ ವೈರು ಕಿತ್ತು, ಆ ತೂತಿಗೆ ಮೈಕು ಚುಚ್ಚಿದರು. "ಜೇವಣ ತಯಾರ ಆಹೆ. ಹೊತ್ತು ಮುಳಗೂ ಮೊದಲ ಎಲ್ಲಾರೂ ಪಂಕ್ತಿಗೆ ಬರ್ರಿ."

ಕಾಕಾನ ದನಿ ತುಪ್ಪ ಸವರಿಕೊಂಡು ಮೂಲೆಮೂಲೆಗೆ ಹೋಯಿತು. ಊಟದ ಕರೆ ಅಷ್ಟು ಸುಂದರವಾಗಿ ಯಾರೂ ಕೇಳಿರಲಿಲ್ಲ. ಜನ ಎದ್ದರು. ಆಯಿಯೂ ಎದ್ದು ಮೊದಲ ಪಂಕ್ತಿಗೆ ಹೋದರು. ಪಂಕಜ ಗಿಟಾರು ಹಿಡಿದು ಖಾಲಿ ಖುರ್ಚಿಗಳ ಮುಂದೆ ನಿಂತಿದ್ದ.

ಊಟ ಮುಗಿಸಿ ಜನ ಮರಳುವಷ್ಟರಲ್ಲಿ ನಿಲೇಶ ಇನ್ನೊಂದು ತೂತಿಗೆ ಕೀಬೋರ್ಡು ಜೋಡಿಸಿದ್ದ. ಬಟನ್ ಒತ್ತಿದ. ಟ್ಯೂಬುಗಳ ಮೂಲಕ ಹಾದುಬಂದ ಬಟನ್ನಿನ ಗಿಟಾರು ನಿಜವಾದ ಗಿಟಾರಿನಂತೆಯೇ ಹಾಡಿತು. ಮೂರನೆಯ ತೂತು ಇರಲಿಲ್ಲ. ನಡುನಡುವೆ ಜನ ಬಂದು ಡಬ್ಬಿಯನ್ನು ಮುಟ್ಟಿ ನೋಡಿದರು. ಸಲಗರೆ ಊರಿನ ಒಬ್ಬರು ತಮ್ಮ ಮಗಳ ಮದುವೆಗೆ ಇದೇ ಬೇಕೆಂದು ಹೇಳಿಹೋದರು. ಅಪ್ಪಣ್ಣ ಬಂದವರಿಗೆಲ್ಲ, "ತೂಕ ನೋಡಿ ತಗೊಂಡದ್ರಿ," ಎಂದು ವಿವರಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ ನಿಲೇಶ ಓಡಿಬಂದು ಪಂಕಜನನ್ನು ಅಪ್ಪಿಕೊಂಡ. "ಎಂಥಾ ಭರವಸೆದ್ದು ತಂದಿಯೋ. ಇನ್ನ ಎಲ್ಲಾ ಕಾರ್ಯಕ್ರಮಕ್ಕೂ ನೀ ಬರಲೇಬೇಕು."

ಪಂಕಜನ ಕಣ್ಣು ತುಂಬಿತು. "ಬರ್ತೇನಿ ನಿಲೇಶ."

"ಅದನ್ನ ಕಾಯ್ಸೂದು ನಿನಗಷ್ಟ ಗೊತ್ತು. ಎತ್ತಾಕೂ ಒಬ್ಬ ಬೇಕು," ಎಂದ ನಿಲೇಶ. "ಗಿಟಾರ ಮಾತ್ರ ಮನ್ಯಾಗ ಇಟ್ಟ ಬಾ. ಈ ಡಬ್ಬಿ ಕುಂತ ಮ್ಯಾಲ ಗಾಡ್ಯಾಗ ಜಾಗಾ ಉಳ್ಯಾಂಗಿಲ್ಲ."

ವಾಪಸು ಬರುವಾಗ ಪಂಕಜ ಟೆಂಪೋದ ಹಿಂದೆ ಡಬ್ಬಿ ಉರುಳದಂತೆ ಹಿಡಿದು ಕೂತ. ಮುಂದಿನ ಸೀಟಿನಲ್ಲಿದ್ದ ಆಯಿ ಕಿಂಡಿಯಿಂದ ತಿರುಗಿ ನೋಡಿದರು. ಊಟವಾದ ಮೇಲೆ ಅವರು ಹೊರಗಿನ ಕಟ್ಟೆಯ ಮೇಲೆ ಹೆಂಗಸರ ಜೊತೆ ಕೂತಿದ್ದರು, ವೇದಿಕೆ ಅಲ್ಲಿಂದ ಕಾಣುತ್ತಿರಲಿಲ್ಲ.

"ಇವತ್ತ ಭಾಳ ಚಂದ ಬಾರ್ಸಿದಿ ಪಂಕಜ," ಎಂದರು. "ಕಟ್ಟಿ ಮ್ಯಾಲ ಎಲ್ಲಾರಿಗೂ ಹೇಳಿದೆ, ಅಂವ ನಮ್ಮ ಹುಡುಗ ಅಂತ. ನಾ ನಡುವ ಬಂದ್ ಮಾಡಿ ಅದಕ್ಕ ಸ್ವಲ್ಪ ಆರಾಮ ಕೊಟ್ಟೆ ನೋಡು, ಅದಕ್ಕ ಹಂಗ ಹಾಡ್ತು."

"ಹೌದ್ರಿ ಆಯಿ," ಎಂದ ಪಂಕಜ, ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು.