ಕಾರಿನಲ್ಲೋ ವಿಮಾನದಲ್ಲೋ

ಮನುಷ್ಯನಿಗೆ ಎಷ್ಟು ಆಯಾಸವಾಗಿದೆ ಎಂಬುದನ್ನು ತಕ್ಕಡಿಯಿಂದ ನಿಖರವಾಗಿ ತಿಳಿಯಬಹುದು ಎಂಬುದು ಅಳತೆ ಮತ್ತು ತೂಕ ಇಲಾಖೆಯ ಸ್ಥಿರವಾದ ಅಭಿಪ್ರಾಯ. ದಣಿದವನ ತೂಕ ಇಳಿಯುತ್ತದೆ, ದಣಿಯದವನದು ಇಳಿಯುವುದಿಲ್ಲ. ಇದನ್ನು ಈವರೆಗೆ ಯಾರೂ ಅಲ್ಲಗಳೆದಿಲ್ಲ. ಅಲ್ಲಗಳೆಯುವ ಅರ್ಜಿಗೆ ನಮೂನೆ ಇಲ್ಲ.

ಈ ಇಲಾಖೆಯ ಎರಡನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ ಮೂಲ ಮೀಟರ್ ಕೋಲಿನ ಪಕ್ಕದ ಕೋಣೆಯೇ ಆಕ್ಷೇಪಣೆ ವಿಭಾಗ. ಅದರ ಮೇಲ್ವಿಚಾರಕರು ಇಪ್ಪತ್ತೇಳು ವರ್ಷಗಳಿಂದ ಅದೇ ಕುರ್ಚಿಯಲ್ಲಿದ್ದರು. ಕೆಳಗಿನಿಂದ ಬಂದ ಯಾವ ಕಡತವನ್ನೂ ಒಂದು ಆಕ್ಷೇಪಣೆ ಬರೆಯದೆ ಅವರು ಮೇಲೆ ಬಿಟ್ಟವರಲ್ಲ, ಮೇಲಿನಿಂದ ಬಂದದ್ದನ್ನು ಕೆಳಗೂ ಬಿಟ್ಟವರಲ್ಲ. ಅವರ ಪ್ರತಿ ಟಿಪ್ಪಣಿಯೂ ‘ಆದರೆ’ ಎಂದೇ ಶುರುವಾಗುತ್ತಿತ್ತು. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಆದರೆ ಸಾಹೇಬರು’ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಲಿಖಿತವಾಗಿ ಬಾರದ್ದರಿಂದ ಸುಮ್ಮನಿದ್ದರು.

ಈ ಅಖಂಡ ಸೇವೆಯನ್ನು ಮೆಚ್ಚಿ ಇಲಾಖೆ ಅವರಿಗೊಂದು ಬಹುಮಾನ ಘೋಷಿಸಿತು: ದಂಪತಿಗೆ ಏಳು ದಿನಗಳ ಹಡಗು ವಿಹಾರ. ಹನ್ನೊಂದು ಅಂತಸ್ತಿನ ಬಿಳಿ ಹಡಗು. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದರು ಬಿಟ್ಟರೆ ಮುಂದಿನ ಶುಕ್ರವಾರ ಬೆಳಿಗ್ಗೆ ವಾಪಸ್. ಇವರಿಗೆ ಸಿಕ್ಕಿದ್ದು ತಿಂಗಳ ಮೂರನೇ ಶುಕ್ರವಾರದ ಟಿಕೆಟ್. ಹಡಗಿನ ಕೋಣೆಯ ಸಂಖ್ಯೆ, ಕಿಟಕಿಯ ಅಗಲ, ಎರಡು ಹಾಸಿಗೆಗಳ ನಡುವಿನ ಅಂತರ, ಎಲ್ಲವನ್ನೂ ವಿವರಿಸಿದ್ದ ಆದೇಶವು ಆರುನೂರ ನಲವತ್ತು ಕಿಲೋಮೀಟರ್ ದೂರದ ಆ ಬಂದರಿಗೆ ಹೋಗುವುದು ಹೇಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೇಲ್ವಿಚಾರಕರ ಹೆಂಡತಿ ಸಮುದ್ರ ನೋಡಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವರು “ಮುಂದಿನ ವರ್ಷ ತೋರಿಸ್ತೀನಿ” ಅಂದಿದ್ದರು. ಆ ಮುಂದಿನ ವರ್ಷವನ್ನು ಇಪ್ಪತ್ತಾರು ಸಲ ಮುಂದೂಡಲಾಗಿತ್ತು. ಈಗ ಆಕೆ ಅಗಲ ಅಂಚಿನ ಹುಲ್ಲಿನ ಟೋಪಿಯೊಂದನ್ನು ತಂದು, ಅಭ್ಯಾಸವಾಗಲಿ ಎಂದು ಅಡುಗೆಮನೆಯಲ್ಲೂ ಹಾಕಿಕೊಂಡೇ ಓಡಾಡುತ್ತಿದ್ದರು. ಮೇಲ್ವಿಚಾರಕರೂ ತಮ್ಮ ಮಟ್ಟಿಗೆ ತಯಾರಿ ನಡೆಸಿದ್ದರು. ಸಂಜೆ ಕಚೇರಿಯಿಂದ ಬಂದು, ಬೂಟು ಬಿಚ್ಚಿ, ಮಂಚದ ಮೇಲೆ ಕಾಲು ಅಗಲಿಸಿ ನಿಲ್ಲುವರು. ಕೈಯಲ್ಲಿ ತುಂಬಿದ ನೀರಿನ ಲೋಟ. ಹೆಂಡತಿ ಮಂಚ ಅಲ್ಲಾಡಿಸಬೇಕು.

“ಸಾಕೇನ್ರಿ?”

“ಇದು ಸಾಧಾರಣ ಅಲೆ. ಇನ್ನೂ ಸ್ವಲ್ಪ.”

“ಬಿದ್ದು ಸೊಂಟ ಮುರ್ಕೊಂಡ್ರೆ ಹಡಗು ಹತ್ತಿಸಲ್ಲ, ಆಸ್ಪತ್ರೆ ಹತ್ತಿಸ್ತಾರೆ.”

“ಲೋಟ ನೋಡು, ಲೋಟ! ಒಂದು ಹನಿ ಚೆಲ್ಲಿದೆಯಾ?”

ಚೆಲ್ಲಿರಲಿಲ್ಲ. ಅವರು ಚೆನ್ನಾಗಿ ಕಲಿತಿದ್ದರು.

ಹೊರಡುವುದಕ್ಕೆ ನಮೂನೆ ತುಂಬಬೇಕಿತ್ತು. ಇಲಾಖೆಯ ನಿಯಮ 41(ಇ) ಹೀಗಿದೆ: ‘ಪ್ರಯಾಣ ಹೊರಡುವ ನೌಕರನು ತಾನು ಹೇಗೆ ತಲುಪಿದೆನೆಂಬುದನ್ನು ಹೊರಡುವ ಮೊದಲೇ ತಿಳಿಸತಕ್ಕದ್ದು.’ ತಿಳಿಸಲೆಂದು ಎರಡು ಚೌಕಗಳಿದ್ದವು. ಒಂದು ಕಾರು, ಒಂದು ವಿಮಾನ. ಯಾವುದಕ್ಕೆ ಗುರುತು ಹಾಕಬೇಕೆಂದು ಗಂಡ ಹೆಂಡತಿ ಮೂರು ದಿನ ಚರ್ಚಿಸಿದರು. ಕಾರಾದರೆ ಬೇಕಾದಷ್ಟು ಸಾಮಾನು ಒಯ್ಯಬಹುದು, ಬೇಕಾದಲ್ಲಿ ನಿಲ್ಲಬಹುದು. ಆದರೆ ಏಳು ದಿನ ಬಂದರಿನಲ್ಲಿ ಕಾರನ್ನು ಯಾರ ಕಾವಲಿಗೆ ಬಿಡುವುದು? ವಿಮಾನವಾದರೆ ಒಂದೂವರೆ ಗಂಟೆ. ಆದರೆ ಅದು ತಡವಾದರೆ ಹಡಗು ಕಾಯುವುದಿಲ್ಲ. ಟೋಪಿಯನ್ನು ಮಡಚುವಂತೆಯೂ ಇಲ್ಲ.

“ಯಾವುದಾದ್ರೂ ಒಂದಕ್ಕೆ ಗುರುತು ಹಾಕಿ ರೀ. ಎರಡೂ ಅಲ್ಲಿಗೇ ಹೋಗುತ್ತಲ್ಲ” ಎಂದರು ಆಕೆ.

“ಹಾಗಲ್ಲ ಕಣೇ. ಲಾಭ ಪಡೆಯೋನೇ ನಿರ್ಧಾರ ಮಾಡಬಾರದು. 41(ಈ).”

ಎರಡೂ ಚೌಕಗಳನ್ನು ಖಾಲಿ ಬಿಟ್ಟು ಕಳಿಸಿದರು. ನಿರ್ದೇಶಕರು ಅಂದು ಒಳ್ಳೆಯ ಮನಸ್ಥಿತಿಯಲ್ಲಿದ್ದರು. ಕಡತದ ಅಂಚಿನಲ್ಲಿ ‘ಕಾರಿನಲ್ಲೋ ವಿಮಾನದಲ್ಲೋ ಹೋಗಿ ಬರಲಿ. ಶುಭವಾಗಲಿ’ ಎಂದು ಬರೆದು ಸಹಿ ಹಾಕಿದರು. ಮೇಲಿನಿಂದ ಇಳಿಯುವ ಕಡತಗಳೆಲ್ಲ ಆಕ್ಷೇಪಣೆ ವಿಭಾಗದ ಮೂಲಕವೇ ಇಳಿಯುವುದರಿಂದ ಮರುದಿನ ಅದು ಮೇಲ್ವಿಚಾರಕರ ಮೇಜಿಗೇ ಬಂತು. ಒಂದು ಚಿಕ್ಕ ರುಜು ಹಾಕಿದ್ದರೆ ಮುಗಿಯುತ್ತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತೇಳು ವರ್ಷ ಬರೆದ ಕೈ, ತಾನಾಗಿಯೇ ಬರೆಯಿತು:

‘ಆದರೆ, ಕಾರೋ ವಿಮಾನವೋ ಎಂಬುದು ಸ್ಪಷ್ಟವಿಲ್ಲ. ಒಬ್ಬ ನೌಕರನು ಎರಡರಲ್ಲೂ ಒಟ್ಟಿಗೆ ಹೋಗಲಾರನು. ಸ್ಪಷ್ಟೀಕರಣ ಕೋರಿ ಮರಳಿಸಿದೆ.’

ಬರೆದ ಮೇಲೆ ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು. ಹೊಡೆದು ಹಾಕಬಹುದಿತ್ತು. ಆದರೆ ಹೊಡೆದು ಹಾಕಿದ ಟಿಪ್ಪಣಿಗಳ ಮೇಲೆ ಅವರೇ ಎಷ್ಟೋ ಸಲ ಆಕ್ಷೇಪಣೆ ಬರೆದಿದ್ದರು.

ವಾರದೊಳಗೆ ಕಚೇರಿ ಎರಡು ಬಣವಾಯಿತು. ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಮೇಜುಗಳು ಚಕ್ರದ ಬಣಕ್ಕೆ, ಕೈತೊಳೆಯುವ ಜಾಗದ ಕಡೆಯವು ರೆಕ್ಕೆಯ ಬಣಕ್ಕೆ.

“ದಾರೀಲಿ ವಿಮಾನ ಕೆಟ್ರೆ ಇಳಿದು ತಳ್ಳೋಕಾಗುತ್ತಾ ಸಾರ್?” ಎಂದು ಕೇಳಿದ ಕಚೇರಿ ಜೀಪಿನ ಚಾಲಕ. ಚಕ್ರದ ಬಣದ ಮುಖಂಡ ಅವನೇ.

“ನಿನ್ನ ಗಾಡೀನ ನಾವು ತಳ್ಳದೆ ಇದ್ದ ದಿನ ಯಾವುದಪ್ಪಾ?” ಎಂದರು ರೆಕ್ಕೆಯ ಬಣದ ಉಗ್ರಾಣಾಧಿಕಾರಿ.

ಮೇಲ್ವಿಚಾರಕರು ಎರಡೂ ಬಣಗಳಿಂದ ಸಮಾನ ದೂರದಲ್ಲಿ, ಬಾಗಿಲ ಬಳಿ ನಿಂತು ಚಹಾ ಕುಡಿದರು.

ನಿರ್ದೇಶಕರು ವಿಷಯದ ಗಾಂಭೀರ್ಯವನ್ನರಿತು ತಮ್ಮದೇ ಅಧ್ಯಕ್ಷತೆಯಲ್ಲಿ, ಎರಡೂ ಬಣಗಳಿಂದ ಐವರಂತೆ ಹತ್ತು ಮಂದಿಯ ಸಮಿತಿ ರಚಿಸಿದರು. ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: ‘ಬಂದರಿಗೆ ಕಾರಿನಲ್ಲಿ ಹೋಗುವುದು ಹೆಚ್ಚು ಆಯಾಸವೋ ವಿಮಾನದಲ್ಲಿ ಹೋಗುವುದು ಹೆಚ್ಚು ಆಯಾಸವೋ ಎಂಬುದನ್ನು ತೂಕದ ಮೂಲಕ ನಿರ್ಧರಿಸಲಾಗುವುದು. ಸಮಿತಿಯ ಅರ್ಧ ಭಾಗ ಕಾರಿನಲ್ಲಿ, ಉಳಿದರ್ಧ ವಿಮಾನದಲ್ಲಿ ತೆರಳತಕ್ಕದ್ದು. ಆಯಾಸವು ತಕ್ಷಣ ಗೊತ್ತಾಗದೆ ನಿಧಾನಕ್ಕೆ ಗೊತ್ತಾಗುವುದರಿಂದ, ಎರಡೂ ಭಾಗಗಳು ಹಡಗನ್ನೇರಿ ಏಳು ದಿನ ಕಾದು ನೋಡತಕ್ಕದ್ದು. ಸಾಮಾನ್ಯ ಪ್ರಯಾಣಿಕರ ಮಾದರಿಗಾಗಿ ಸದಸ್ಯರು ಕುಟುಂಬದವರನ್ನು ಕರೆದೊಯ್ಯತಕ್ಕದ್ದು.’

ತಿಂಗಳ ಮೊದಲ ಶುಕ್ರವಾರ ಸಮಿತಿ ಹೋಯಿತು. ಹೊರಡುವ ಮುನ್ನ ಎಲ್ಲರನ್ನೂ ಇಲಾಖೆಯ ಮೂಲ ತಕ್ಕಡಿಯಲ್ಲಿ ತೂಗಲಾಯಿತು. ಎರಡನೇ ಶುಕ್ರವಾರ ವಾಪಸಾಗಿ, ಸೋಮವಾರ ಮತ್ತೆ ತಕ್ಕಡಿ ಏರಿತು. ಕಾರಿನವರ ಸರಾಸರಿ ತೂಕ ಎರಡು ಕಿಲೋ ಮುನ್ನೂರು ಗ್ರಾಂ ಏರಿತ್ತು. ವಿಮಾನದವರದು, ವಿಚಿತ್ರವೆಂದರೆ, ಅಷ್ಟೇ ಏರಿತ್ತು. ಹಡಗಿನಲ್ಲಿ ದಿನಕ್ಕೆ ಐದು ಸಲ ಊಟ ಬಡಿಸುತ್ತಾರೆ ಎಂಬುದು ಅಧ್ಯಯನದ ವ್ಯಾಪ್ತಿಗೆ ಒಳಪಟ್ಟಿರಲಿಲ್ಲ. ಎರಡೂ ವಿಧಾನಗಳಲ್ಲಿ ಸೊನ್ನೆಗಿಂತ ಕಡಿಮೆ ಆಯಾಸವಾಗುತ್ತದೆಂದೂ, ಎರಡೂ ಸಮವಾಗಿರುವುದರಿಂದ ಆಯ್ಕೆ ಅಸಾಧ್ಯವೆಂದೂ, ಕಾರಿನವರು ವಿಮಾನದಲ್ಲಿ, ವಿಮಾನದವರು ಕಾರಿನಲ್ಲಿ ಹೋಗಿ ಮತ್ತೊಮ್ಮೆ ಪರೀಕ್ಷಿಸಬೇಕೆಂದೂ ವರದಿ ಹೇಳಿತು.

“ಯಾವಾಗ ಸಾರ್?” ಎಂದು ಕೇಳಿದರು ಮೇಲ್ವಿಚಾರಕರು.

“ಈ ಶುಕ್ರವಾರವೇ. ನಿಮ್ಮ ಕೆಲಸ ತಡ ಆಗಬಾರದು ನೋಡಿ” ಎಂದರು ನಿರ್ದೇಶಕರು.

“ಈ ಶುಕ್ರವಾರ ಮೂರನೇ ಶುಕ್ರವಾರ ಸಾರ್. ನನ್ನ ಹಡಗು.”

“ಒಳ್ಳೇದೇ ಆಯ್ತಲ್ಲ! ಕಡತ ನಮ್ಮ ಜೊತೇಲೇ ಇರುತ್ತೆ. ಹಡಗಿನಲ್ಲೇ ಸಹಿ ಹಾಕ್ತೀನಿ. ನೀವು ಅಲ್ಲಿಗೆ ಬಂದು ತಗೊಂಡುಬಿಡಿ.”

“ಸಹಿ ಇಲ್ಲದೆ ಅಲ್ಲಿಗೆ ಬರೋದು ಹೇಗೆ ಸಾರ್?”

ನಿರ್ದೇಶಕರು ಅವರ ಬೆನ್ನು ತಟ್ಟಿದರು. “ಇದಕ್ಕೇ ಕಣ್ರಿ ನಿಮಗೆ ಬಹುಮಾನ ಕೊಟ್ಟಿದ್ದು.”

ಗುರುವಾರ ಬೆಳಿಗ್ಗೆ ಮೇಲ್ವಿಚಾರಕರು ಗಡ್ಡ ಹೆರೆಯುತ್ತಿದ್ದಾಗ ಹೆಂಡತಿ ಚೀಲ ಹಿಡಿದು, ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಮನೆಯ ಹಿತ್ತಲ ಗೋಡೆಯ ಆಚೆಗೆ ರೈಲು ನಿಲ್ದಾಣ. ಬಂದರಿಗೆ ಹೋಗುವ ರೈಲು ದಿನಾ ಆರು ಹತ್ತಕ್ಕೆ ಅಲ್ಲಿಂದ ಹೊರಡುತ್ತದೆ. ಮೇಲ್ವಿಚಾರಕರು ಇಪ್ಪತ್ತಾರು ವರ್ಷಗಳಿಂದ ಅದರ ಕೂಗಿಗೇ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

“ಏನಿದು?”

“ರೈಲಿಗೆ ಹೊರಟಿದ್ದೀನಿ. ಬರ್ತೀರಾ?”

“ರೈಲು ಕಡತದಲ್ಲಿ ಇಲ್ಲ.”

“ಮನೆ ಹಿಂದೆ ಇದೆಯಲ್ಲ!”

“ನಮೂನೇಲಿ ಎರಡೇ ಚೌಕ ಕಣೇ. ಕಾರು, ವಿಮಾನ. ಮೂರನೇ ಚೌಕ ಇಲ್ಲ.”

ಆಕೆ ಸ್ವಲ್ಪ ಹೊತ್ತು ಅವರ ಅರ್ಧ ಹೆರೆದ ಗಡ್ಡವನ್ನು ನೋಡಿದರು. “ಎರಡು ಜೊತೆ ಬಟ್ಟೆ ನಿಮ್ಮದೂ ಇಟ್ಕೊಂಡಿದ್ದೀನಿ. ಇನ್ನೂ ಎಂಟು ನಿಮಿಷ ಇದೆ.”

ಅವರು ಬ್ಲೇಡು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಎಂಟು ನಿಮಿಷದಲ್ಲಿ ಉಳಿದರ್ಧ ಗಡ್ಡವನ್ನು ಬಹಳ ನಾಜೂಕಾಗಿ ಹೆರೆದರು. ಹಿತ್ತಲಾಚೆ ರೈಲು ಕೂಗಿದಾಗ ಕೈ ತಾನಾಗಿಯೇ ಗಡಿಯಾರದ ತಿರುಪಿಗೆ ಹೋಯಿತು. ಒಂದು ನಿಮಿಷ ಹಿಂದಿತ್ತು. ಸರಿಮಾಡಿಕೊಂಡರು.

ಶನಿವಾರ ಹಡಗಿನಿಂದ ಕಚೇರಿಗೆ ಜ್ಞಾಪನ ಬಂತು: ‘ಮೇಲ್ವಿಚಾರಕರ ಪತ್ನಿಯವರು ಊಟದ ಸಾಲಿನಲ್ಲಿ ಸಮಿತಿಗೆ ಕಂಡುಬಂದಿರುತ್ತಾರೆ. ವಿಚಾರಿಸಲಾಗಿ ರೈಲಿನಲ್ಲಿ ಬಂದುದಾಗಿ ತಿಳಿಸಿರುತ್ತಾರೆ. ಸದರಿ ವಿಧಾನವು ನಮೂನೆಯಲ್ಲಿ ಇಲ್ಲದಿರುವುದರಿಂದ ಅವರು ಬಂದಿರುವುದಿಲ್ಲ. ಅವರು ಮನೆಯಲ್ಲಿಯೇ ಇರುವುದನ್ನು ದೃಢಪಡಿಸತಕ್ಕದ್ದು.’

ಮೇಲ್ವಿಚಾರಕರು ದೃಢಪಡಿಸಿದರು. ದಾಖಲೆ ಸುಳ್ಳಾಗಬಾರದೆಂದು ಆ ದಿನ ಎರಡು ತಟ್ಟೆ ಇಟ್ಟು, ಎರಡಕ್ಕೂ ಬಡಿಸಿದರು. ಅವರು ಮಾಡಿದ ಅಡುಗೆ ಎರಡು ತಟ್ಟೆಯಲ್ಲೂ ಉಳಿಯಿತು. ಎದುರುಮನೆಯ ದರ್ಜಿ “ಅಕ್ಕ ಕಾಣಿಸ್ತಿಲ್ಲವಲ್ಲಾ?” ಎಂದು ಕೇಳಿದಾಗ “ಒಳಗಿದ್ದಾಳೆ” ಎಂದರು. ದರ್ಜಿ ತಲೆಯಾಡಿಸಿದ. ಗುರುವಾರ ಆಕೆಯ ಚೀಲವನ್ನು ರೈಲಿಗೆ ಹತ್ತಿಸಿಕೊಟ್ಟವನು ಅವನೇ.

ಸಂಜೆ ಫೋನ್ ಬಂತು.

“ರೀ, ಸಮುದ್ರ! ಅಬ್ಬಾ, ಎಷ್ಟು ನೀರು ಅಂತೀರಿ! ಆ ಕಡೆ ದಡಾನೇ ಇಲ್ಲ. ಯಾರೋ ನಲ್ಲಿ ಬಿಟ್ಟು ನಿಲ್ಲಿಸೋದು ಮರ್ತು ಹೋದ ಹಾಗಿದೆ.”

“ಕಡತದ ಪ್ರಕಾರ ನೀನು ಮನೇಲಿದ್ದೀಯ.”

“ಹೌದಾ? ಹಾಗಾದ್ರೆ ಮನೇಲಿರೋಳಿಗೆ ಹೇಳಿ, ಗುಲಾಬಿ ಗಿಡಕ್ಕೆ ನೀರು ಹಾಕು ಅಂತ.” ಆಮೇಲೆ, “ನಿಮ್ಮ ಹಾಸಿಗೆ ಖಾಲಿ ಇದೆ. ಮೇಲೆ ಟೋಪಿ ಇಟ್ಟಿದ್ದೀನಿ” ಎಂದರು.

ಮೇಲ್ವಿಚಾರಕರು ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ, ಆಕೆಯ ಕಣ್ಣಿಗೆ ಬೀಳುವಂತೆ ಅಂಟಿಸಿದರು. ಬುಧವಾರದ ಹೊತ್ತಿಗೆ ಗುಲಾಬಿ ಒಣಗಿತು. ‘ನೀರು ಹಾಕದಿರುವ ಬಗ್ಗೆ ವಿವರಣೆ ನೀಡತಕ್ಕದ್ದು’ ಎಂದು ನೋಟಿಸು ಬರೆದು ಚೀಟಿಯ ಕೆಳಗೇ ಅಂಟಿಸಿದರು. ಆಮೇಲೆ ಬೂಟು ಬಿಚ್ಚಿ, ತುಂಬಿದ ಲೋಟ ಹಿಡಿದು ಮಂಚದ ಮೇಲೆ ನಿಂತರು. ಅಲ್ಲಾಡಿಸಲು ಯಾರೂ ಇರಲಿಲ್ಲ. ಆದರೂ ನೀರು ಸ್ವಲ್ಪ ಚೆಲ್ಲಿತು.

ಮುಂದಿನ ಶನಿವಾರ ಬೆಳಿಗ್ಗೆ ಮೂಗಿನ ತುದಿ ಬಿಸಿಲಿಗೆ ಕಪ್ಪಾದ ಹೆಂಡತಿ ಬಾಗಿಲಲ್ಲಿ ನಿಂತು, “ಇದೇನ್ರೀ ಹೀಗೆ ಇಳಿದುಹೋಗಿದ್ದೀರಿ!” ಎಂದರು.

ಆ ಮಾತು ಮೇಲ್ವಿಚಾರಕರ ತಲೆಯಲ್ಲಿ ಕೂತಿತು. ಸೋಮವಾರ ಸಮಿತಿಯ ತೂಕ ಮುಗಿದ ಮೇಲೆ, ಚಕ್ರಕ್ಕೂ ರೆಕ್ಕೆಗೂ ಈ ಸಲವೂ ಸಮವೆಂದು ತೀರ್ಮಾನವಾದ ಮೇಲೆ, ಅವರೂ ತಕ್ಕಡಿ ಹತ್ತಿದರು. ಪ್ರಯಾಣದ ನಮೂನೆಯಲ್ಲಿ ನಮೂದಿಸಿದ್ದ ತೂಕಕ್ಕಿಂತ ಎರಡು ಕಿಲೋ ಮುನ್ನೂರು ಗ್ರಾಂ ಕಡಿಮೆ. ನಿರ್ದೇಶಕರು ಮುಳ್ಳನ್ನು ಬಗ್ಗಿ ನೋಡಿದರು. ಎಲ್ಲರೂ ಬಗ್ಗಿ ನೋಡಿದರು.

“ತೂಕ ಇಳಿದಿದೆ ಅಂದ್ರೆ ಆಯಾಸ ಆಗಿದೆ” ಎಂದರು ನಿರ್ದೇಶಕರು. “ಆಯಾಸ ಆಗಿದೆ ಅಂದ್ರೆ ಪ್ರಯಾಣ ಮಾಡಿದ್ದಾರೆ. ಇಡೀ ಕಚೇರೀಲಿ ನಿಜವಾಗಿ ಪ್ರಯಾಣ ಮಾಡಿರೋರು ಇವರೊಬ್ಬರೇ ಕಣ್ರಪ್ಪಾ.”

“ಗಡಿಯಾರದಷ್ಟೇ ಸತ್ಯ ಸಾರ್ ತಕ್ಕಡಿ” ಎಂದ ಜೀಪಿನ ಚಾಲಕ. ಅವನ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿದಿತ್ತು.

ಮಧ್ಯಾಹ್ನದೊಳಗೆ ಆದೇಶವಾಯಿತು: ‘ಮೇಲ್ವಿಚಾರಕರು ಕಾರಿನಲ್ಲೋ ವಿಮಾನದಲ್ಲೋ ಹೋಗಿ ಹಡಗು ವಿಹಾರವನ್ನು ಪೂರೈಸಿ ಬಂದಿರುತ್ತಾರೆ. ಪತ್ನಿಯವರು ಮನೆಯಲ್ಲಿದ್ದರು. ಬಹುಮಾನವನ್ನು ವಿತರಿಸಲಾಗಿದೆ. ಸಮಿತಿಯನ್ನು ಖಾಯಂಗೊಳಿಸಲಾಗಿದೆ.’ ಆದೇಶ ಕೆಳಗಿಳಿಯುತ್ತ ಅವರ ಮೇಜಿಗೆ ಬಂತು. ಪೆನ್ನಿನ ಮುಚ್ಚಳ ತೆಗೆದು, ಬಹಳ ಹೊತ್ತು ‘ಕಾರಿನಲ್ಲೋ ವಿಮಾನದಲ್ಲೋ’ ಎಂಬಲ್ಲೇ ಕಣ್ಣಿಟ್ಟರು. ಆಮೇಲೆ, ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಬಾರಿಗೆ, ಬರೀ ರುಜು ಹಾಕಿದರು.

ಕ್ಯಾಂಟೀನಿನಲ್ಲಿ ಉಗ್ರಾಣಾಧಿಕಾರಿ ಅವರಿಗೆ ಕುರ್ಚಿ ಎಳೆದುಕೊಟ್ಟರು. “ಹೇಗಿತ್ತು ಸಾರ್ ಸಮುದ್ರ?”

ಸಮುದ್ರದಿಂದ ಮೊನ್ನೆ ತಾನೇ ಬಂದಿದ್ದ ಹತ್ತೂ ಮಂದಿ ಕುತೂಹಲದಿಂದ ಅವರ ಕಡೆ ತಿರುಗಿದರು.

“ಎಷ್ಟು ನೀರು ಅಂತೀರಿ” ಎಂದರು ಮೇಲ್ವಿಚಾರಕರು. “ಯಾರೋ ನಲ್ಲಿ ಬಿಟ್ಟು ನಿಲ್ಲಿಸೋದು ಮರ್ತು ಹೋದ ಹಾಗೆ.”

“ಆಹಾ!” ಎಂದರು ಎಲ್ಲರೂ.

ಸಂಜೆ ಮನೆಗೆ ಬಂದಾಗ ಆದೇಶದ ಪ್ರತಿ ಆಗಲೇ ಅಲ್ಲಿಗೆ ತಲುಪಿತ್ತು. ಅಡುಗೆಮನೆಯ ನೋಟಿಸಿನ ಕೆಳಗೆ ಹೆಂಡತಿಯ ವಿವರಣೆ ಸಿದ್ಧವಾಗಿತ್ತು. ಗುಂಡುಗುಂಡಾದ ಅಕ್ಷರ:

‘ಆದರೆ, ಸಮುದ್ರಕ್ಕೆ ಹೋದವರು ಗಿಡಕ್ಕೆ ನೀರು ಹಾಕಲು ಹೇಳಿ ಹೋಗಿರಲಿಲ್ಲ.’

ಅವರು ನಿಂತಲ್ಲೇ ಎರಡು ಸಲ ಓದಿದರು. ಎಲ್ಲೂ ತಪ್ಪು ಸಿಗಲಿಲ್ಲ. ರುಜು ಹಾಕಿ, ಕೋಣೆಗೆ ಹೋದರೆ, ಅವರ ದಿಂಬಿನ ಮೇಲೆ ಟೋಪಿ ಇತ್ತು.