ಗೋಲಿ ಮರಳಿ ಬರಬೇಕಿತ್ತು

ಮೊದಲೇ ಕ್ಷಮೆ ಕೇಳುತ್ತೇನೆ. ಬರೆದು ಅಭ್ಯಾಸವಿಲ್ಲ, ನಗಬೇಕಾದ ಕಡೆ ವಿವರಣೆ ಕೊಟ್ಟುಬಿಡುತ್ತೇನೆ. ಆದರೆ ಗಗನನೌಕೆಯ ಮಾತೆತ್ತಿದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭೂಮಿಯನ್ನು ಸುತ್ತುವ ನೌಕೆಯ ರಾಕೆಟ್ಟನ್ನು ಒಂದು ಕ್ಷಣ ಉರಿಸಿ ಆರಿಸಿದರೆ ಅದರ ದಾರಿ ಹೇಗೆ ಬದಲಾಗುತ್ತದೆಂದು ಮೊದಲೇ ಹೇಳಬಹುದು. ಅದನ್ನು ಕಲಿಸುವುದು ನನ್ನ ಹುಚ್ಚು. ಹೆಡ್‌ಮಾಸ್ಟರು ಒಂದು ದಿನ ಅಂದರು: "ಸ್ಟಾಫ್ ರೂಮಿನಾಗೆ ಒಬ್ಬರಿಗಾದ್ರೂ ಇದು ತಿಳೀಬೇಕು. ಇಲ್ಲಾಂದ್ರೆ ನಿಮ್ಮ ಶನಿವಾರದ ಪೀರಿಯಡ್ಡು ಕಬಡ್ಡಿಗೆ."

ಬಸ್ಸಿನಲ್ಲಿ

ಚನ್ನಗಿರಿ ಬಸ್ಸಿನ ಡ್ರೈವರ ಮೇಲೆ ಅಭ್ಯಾಸ ಮಾಡಿದೆ. "ಮುಂದಿರೋ ನೌಕೆಯನ್ನ ಹಿಡೀಬೇಕಾದ್ರೆ ಬ್ರೇಕ್ ಹಾಕ್ಬೇಕ್ರಿ. ಆಗ ನಮ್ಮದು ಕೆಳಗಿಳಿಯುತ್ತೆ, ಸುತ್ತು ಚಿಕ್ಕದಾಗುತ್ತೆ, ಬೇಗ ಸುತ್ತುತ್ತೆ."

ಡ್ರೈವರು ಮುಂದೆ ಓಡುತ್ತಿದ್ದ ಪ್ರೈವೇಟ್ ಬಸ್ಸನ್ನೇ ನೋಡುತ್ತಾ ಅಂದರು: "ಇಪ್ಪತ್ತು ವರ್ಷದಿಂದ ಬ್ರೇಕ್ ಹಾಕ್ತಾನೇ ಇದೀನಿ ಮೇಷ್ಟ್ರೇ. ಒಂದೂ ಸಿಕ್ಕಿಲ್ಲ."

ಮನೆಯಲ್ಲಿ

ಹೆಂಡತಿಗೆ ಹೇಳಿದೆ: "ಒಂದು ಜಾಗದಲ್ಲಿ ಮುಂದಕ್ಕೆ ತಳ್ಳಿದರೆ ನೌಕೆ ಆಚೆ ಬದಿಯಲ್ಲಿ ಮೇಲಕ್ಕೇರುತ್ತೆ. ಆದರೆ ಸುತ್ತಿ, ತಳ್ಳಿದ ಜಾಗಕ್ಕೇ ಬರುತ್ತೆ."

"ಗೊತ್ತೈತೆ ಬಿಡ್ರಿ. ನಿಮ್ಮನ್ನ ಸಂತೆಗೆ ತಳ್ಳಿದ್ರೂ ಹಂಗೇ. ಊರೆಲ್ಲ ಸುತ್ತಿ, ಬರಿಗೈಲಿ ಇದೇ ಬಾಗಿಲಿಗೆ ಬರ್ತೀರಿ."

ಸ್ಟಾಫ್ ರೂಮಿನಲ್ಲಿ

ಕೊನೆಗೆ ಪರೀಕ್ಷೆಯ ದಿನ ಬಂತು. ನಾಲ್ವರು ಮೇಷ್ಟ್ರುಗಳು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಬಿಗಿಯಾಗಿ ಎಳೆದರು. ನಡುವೆ ಗುಂಡುಕಲ್ಲಿಟ್ಟೆ, ಅಂದರೆ ಭೂಮಿ. ಅದರ ಸುತ್ತ ಗೋಲಿ ಬಿಟ್ಟೆ, ಅಂದರೆ ನೌಕೆ. ಹೆಡ್‌ಮಾಸ್ಟರು ಎದುರಿಗೆ ಟೀ ಹಿಡಿದು ಕೂತಿದ್ದರು.

"ಈಗ ಪೆನ್ಸಿಲ್ಲಿನಿಂದ ತಳ್ತೀನಿ ಸರ್. ಮರಳಿ ಇಲ್ಲಿಗೇ ಬರುತ್ತೆ."

ತಳ್ಳಿದೆ.

ಮೂಲೆ ಹಿಡಿದಿದ್ದ ಪಿ.ಟಿ. ಮೇಷ್ಟ್ರು ತಕ್ಷಣ ಕೂಗಿದರು: "ಸರ್, ಕಪ್ಪು ತೆಗೀರಿ. ತಳ್ಳಿದ್ದು ಜಾಸ್ತಿ ಆತು. ಇದು ಇನ್ನು ಸುತ್ತಲ್ಲ, ಹೊರಗೇ ಹೋಗ್ತೈತೆ."

ಗೋಲಿ ಟೀಯೊಳಗೆ ಬಿತ್ತು.

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. "ಪಿ.ಟಿ. ಮೇಷ್ಟ್ರಿಗೆ ತಿಳಿದೈತೆ. ಪೀರಿಯಡ್ಡು ವಿಜ್ಞಾನಕ್ಕೇ ಇರ್ಲಿ."

ನನಗೆ ಕಣ್ಣು ತುಂಬಿ ಬಂತು.

"ಆದ್ರೆ ಪಾಠ ಅವರೇ ಮಾಡ್ಲಿ. ಆ ಹೊತ್ತಿಗೆ ಅವರ ಕಬಡ್ಡಿ ನೀವು ನೋಡ್ಕೊಳ್ರಿ."

ಗೋಲಿ ಯಾಕೆ ಮರಳಲಿಲ್ಲ ಎಂಬುದನ್ನು ಹೇಳದೆ ಮುಗಿಸಬಾರದು. ಭೂಮಿಯಿಂದ ಎಷ್ಟು ದೂರವೋ ಅದಕ್ಕೆ ತಕ್ಕಂತೆ ಒಂದು ಮಿತಿಯ ವೇಗವಿದೆ. ನೌಕೆ ಅದನ್ನು ದಾಟಿತೆಂದರೆ… ಒಂದು ನಿಮಿಷ, ಪಿ.ಟಿ. ಮೇಷ್ಟ್ರು ಕಿಟಕಿಯಿಂದ ಕರೆಯುತ್ತಿದ್ದಾರೆ:

"ಅದನ್ನ ನಾನು ಹೇಳ್ಕೊಡ್ತೀನಿ ಬಿಡ್ರಿ. ಹುಡುಗ್ರು ಗ್ರೌಂಡಿನಾಗೆ ಕಾಯ್ತಾ ಇದಾರೆ. ಸೀಟಿ ತಗೊಂಡು ಹೋಗ್ರಿ."