ನಿಂತು ಸಂಬಳ ತಗೊಳ್ಳುವ ಮೈದುನ

ಕೂತು ಉಣ್ಣುವವರನ್ನು ನೀವು ಬೇಕಾದಷ್ಟು ಕಂಡಿರಬಹುದು. ನಿಂತು ಉಣ್ಣುವವನನ್ನು ಕಾಣಬೇಕಾದರೆ ನಾಸಿಕದ ಹತ್ತಿರ ಮಿಲಿಟರಿಯವರಿರುವ ದೇವಳಾಲಿ ಕ್ಯಾಂಪಿನ ನಮ್ಮ ಮನೆಗೇ ಬರಬೇಕು! ನನ್ನ ಗಂಡನ ತಮ್ಮ, ಅಂದರೆ ನನ್ನ ಮೈದುನ, ನಾಸಿಕದ ಒಂದು ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಉಳಿದವರು ಬೆವರು ಸುರಿಸಿ ಓಡುತ್ತಾರೆ. ಇವನು ಎರಡು ಕಂಬಗಳ ನಡುವೆ ನಿಂತು ಅವರು ಓಡುವುದನ್ನು ನೋಡುತ್ತಾನೆ. ತಿಂಗಳಾದರೆ ಅವರಿಗೂ ಸಂಬಳ, ಇವನಿಗೂ ಸಂಬಳ. ಬೀದರಿನಿಂದ ಬಂದು, ಸಿಪಾಯಿಗಳಿಗೆ ಕಬ್ಬಿಣದ ಟ್ರಂಕು ಮಾರಿ ಮಾರಿ ಬೆನ್ನು ಬಗ್ಗಿಸಿಕೊಂಡ ನನ್ನ ಗಂಡನಿಗೆ ಇಂಥ ತಮ್ಮ ಎಲ್ಲಿಂದ ಬಂದನೋ ಶಿವನೇ ಬಲ್ಲ.

ಮೈದಾನದ ಬುದ್ಧಿಯನ್ನು ಮೈದಾನದಲ್ಲೇ ಬಿಟ್ಟು ಬಂದರೆ ಚಿಂತೆಯಿರಲಿಲ್ಲ. ಮನೆಯಲ್ಲೂ ಬಾಗಿಲು ಕಂಡರೆ ಸಾಕು, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಂತುಬಿಡುತ್ತಾನೆ. ಹಾಲು ತಂದವನು ಎಡಕ್ಕೆ ಸರಿದರೆ ಇವನೂ ಎಡಕ್ಕೆ, ಬಲಕ್ಕೆ ಸರಿದರೆ ಇವನೂ ಬಲಕ್ಕೆ. ಅವನ ಕೈಗವಸುಗಳ ಕಥೆ ಬೇರೆ. ಅವಕ್ಕೆ ಬೇರೆ ಸೋಪು, ಬೇರೆ ಹಗ್ಗ, ಬೇರೆ ನೆರಳು. ಒಮ್ಮೆ ಅವಸರದಲ್ಲಿ ನಾನು ಅವನ್ನು ಹಾಕಿಕೊಂಡು ಒಲೆಯ ಮೇಲಿನ ಬೇಳೆ ಪಾತ್ರೆ ಇಳಿಸಿದೆ.

"ವೈನಿ, ಇದು ನನ್ನ ಅನ್ನದ ಸಾಮಾನು!" ಎಂದ.

"ನಂದೂ ಅನ್ನದ ಕೆಲಸಾನೇ ಅದ. ಬ್ಯಾಳಿ ಯಾರು ಉಣ್ಣಾವ್ರು?" ಎಂದೆ.

ಎರಡು ದಿನ ಮಾತು ಬಿಟ್ಟ. ಬೇಳೆ ಮಾತ್ರ ಬಿಡಲಿಲ್ಲ.

ಅವನ ಆಟದ ಶೈಲಿ ಏನೆಂದು ಕೇಳುತ್ತೀರಾ? ಒದರುವುದು. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದಂತೆ, ಹಾಗಾಗಿ ಮುಂದಿನವರಿಗೆ ದಾರಿ ತೋರಿಸಬೇಕಂತೆ. ಸರಿ, ತೋರಿಸಲಿ. ತ್ರ್ಯಂಬಕೇಶ್ವರಕ್ಕೆ ಹೋಗುವ ಜೀಪಿನಲ್ಲೂ ತೋರಿಸಬೇಕೆ? ಡ್ರೈವರನ ಹಿಂದೆ ಕೂತವನು, "ಎಡಕ್ಕ ಎಡಕ್ಕ! ಆ ಲಾರಿ ಖಾಲಿ ಬಿಟ್ಟಿ! ಹಿಂದ ಬಾ!" ಎಂದು ದಾರಿಯುದ್ದಕ್ಕೂ ಕನ್ನಡದಲ್ಲೇ ಕೂಗಿದ. ಡ್ರೈವರನಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಜೀಪು ನಿಲ್ಲಿಸಿ, ಕೀಲಿ ಇವನ ಕೈಗಿಟ್ಟು, "ಭೈಯಾ, ಗಾಡಿ ತುಮ್ ಚಲಾವ್, ದರ್ಶನ್ ಮೈಂ ಕರ್ಕೆ ಆತಾ" ಎಂದ. ಗಾಡಿ ನೀನು ಓಡಿಸು, ದರ್ಶನ ನಾನು ಮಾಡಿ ಬರುತ್ತೇನೆ ಅಂತ! ಇವನಿಗೋ ಗಾಡಿ ಓಡಿಸಲು ಬಾರದು. ನಾವೆಲ್ಲ ಕೈಮುಗಿದ ಮೇಲೆ ಜೀಪು ಹೊರಟಿತು.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಕಲಬುರಗಿಯಿಂದ ಬಂದವರು ಚಹಾ ಕುಡಿದು, "ಆಟ ಛಲೋ ಆತ್ರಿ, ಕೆಲಸ ಏನು ಮಾಡ್ತಾನ?" ಎಂದು ಕೇಳಿ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಬಂದವರದೂ ಅದೇ ಹಾಡು. ನಮ್ಮತ್ತೆ ದಿನಾ ದೇವರ ಮುಂದೆ ಕಣ್ಣೀರು ಹಾಕುತ್ತಿದ್ದರು. ಹೀಗಿರುವಾಗ ಸಿಲ್ಲೋಡಿನಿಂದ ಒಂದು ಸಂಬಂಧ ಬಂತು. ಭಾಲ್ಕಿ ಕಡೆಯಿಂದ ಹೋಗಿ ಅಲ್ಲಿ ಹತ್ತಿ ವ್ಯಾಪಾರ ಮಾಡುವ ಮನೆಯವರು. ಫೋಟೋ ನೋಡಿದ ದಿನದಿಂದ ನಮ್ಮ ಹುಡುಗ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕತೊಡಗಿದ. ಆ ಹುಡುಗಿ ಅವನ ಮನಸ್ಸಿಗೆ ಬಂದಿದ್ದಳು. ಇದೂ ತಪ್ಪಿದರೆ ಇನ್ನು ಯಾರಿಗೂ ತನ್ನನ್ನು ತೋರಿಸಬೇಡಿ ಎಂದು ತಾಯಿಗೆ ಹೇಳಿಬಿಟ್ಟಿದ್ದ.

ಹುಡುಗಿಯ ತಂದೆ ಮಾತ್ರ ಮನೆಗೆ ಬರಲು ಒಪ್ಪಲಿಲ್ಲ. "ಗಾಡಿ ಮ್ಯಾಲಿನ ಹತ್ತಿ ನೋಡಿ ಯಾರೂ ತಗೊಳ್ಳಂಗಿಲ್ರಿ. ಒಳಗ ಕೈ ಹಾಕಿ ನೋಡ್ಬೇಕು. ಹುಡುಗನ್ನ ಕೆಲಸದ ಮ್ಯಾಲೇ ನೋಡ್ತೀವಿ" ಎಂದರು. ಹೀಗೆ ಅವರ ಕಡೆಯ ಛತ್ರಪತಿ ಸಂಭಾಜಿನಗರದಲ್ಲಿ ಇವನ ತಂಡದ ಆಟವಿದ್ದ ದಿನ, ಮೈದಾನದ ಗೋಲಿನ ಪಕ್ಕದ ಮೆಟ್ಟಿಲ ಮೇಲೆ, ಅವಲಕ್ಕಿ ಚೂಡಾ ತಿನ್ನುತ್ತ ವರ ನೋಡುವ ಶಾಸ್ತ್ರ ನಡೆಯಿತು.

ಸ್ವಲ್ಪ ಹೊತ್ತು ನೋಡಿದ ತಂದೆ ನನ್ನ ಕಡೆ ಬಾಗಿದರು. "ಅಲ್ರಿ ಅಕ್ಕಾರ, ಎಲ್ಲಾರೂ ಓಡ್ಲತ್ತಾರ. ನಿಮ್ಮ ಹುಡುಗ ಒಬ್ಬನೇ ಯಾಕ ನಿಂತಾನ? ಕಾಲಿಗಿ ಏನರ ತ್ರಾಸ್ ಅದ ಏನು?"

"ಅದೇ ಅವನ ಕೆಲಸ್ರಿ."

"ನಿಂದ್ರೂದು?"

"ಹೂನ್ರಿ."

"ಪಗಾರ ಕೊಡ್ತಾರ?"

ನನಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು.

ಆಟ ಸಮಸಮವಾಗಿ ಮುಗಿಯುತ್ತ ಬಂದಿತ್ತು. ಆಗ ಎದುರು ತಂಡದವನೊಬ್ಬ ಚೆಂಡಿನೊಂದಿಗೆ ಒಬ್ಬನೇ ನುಗ್ಗಿ ಬಂದ. ಗೋಲಿನ ಹತ್ತಿರ ಚೆಂಡನ್ನು ಮೆಲ್ಲಗೆ ತಳ್ಳಿದವನೇ ಎಡವಿ, ತಲೆ ಮುಂದಾಗಿ ಕಂಬದ ಕಡೆಗೆ ಹಾರಿದ. ಚೆಂಡು ಉರುಳುತ್ತ ಬರುತ್ತಿತ್ತು. ನಮ್ಮವನು ಒಂದು ಕೈ ಚಾಚಿದ್ದರೆ ಸಾಕಿತ್ತು. ಅವನು ಚೆಂಡಿನ ಕಡೆ ನೋಡಲೇ ಇಲ್ಲ. ಕಂಬಕ್ಕೂ ಆ ಮನುಷ್ಯನ ತಲೆಗೂ ನಡುವೆ ತನ್ನ ಮೈಯನ್ನು ಎಸೆದ. ಅವನ ಭುಜ ಕಂಬಕ್ಕೆ ಬಡಿದ ಸದ್ದು ನಾವು ಕೂತಲ್ಲಿಗೂ ಕೇಳಿಸಿತು. ಚೆಂಡು ಒಳಗೆ ಹೋಯಿತು.

ಆಟ ಸೋತೆವು. ಜೊತೆಗಾರರು ಮುಖ ತಿರುಗಿಸಿ ಹೊರಟರು. ನಮ್ಮ ಹಿಂದೆ ಕೂತಿದ್ದ ಒಬ್ಬ ಎದ್ದು ನಿಂತು, ಇವನು ದುಡ್ಡು ತಿಂದು ಗೋಲು ಬಿಟ್ಟ ಎಂದು ಮರಾಠಿಯಲ್ಲಿ ಬೈಯತೊಡಗಿದ. ನನಗೆ ಎಲ್ಲಿತ್ತೋ ಸಿಟ್ಟು! ಬೀಗರಾಗುವವರು ಪಕ್ಕದಲ್ಲಿರುವುದನ್ನೂ ಮರೆತು, "ಯಾವನಂವ? ಬಾಯಿ ಮುಚ್ಕೊಂಡು ಕೂಡು! ನಮ್ಮ ಹುಡುಗಗ ಅನ್ಲಿಕ್ಕೆ ನೀ ಯಾರು?" ಎಂದು ಕನ್ನಡದಲ್ಲೇ ಝಾಡಿಸಿದೆ. ನನ್ನ ಮೈದುನನನ್ನು ಬೈಯಲು ನಾನಿದ್ದೇನೆ, ಊರವರಿಗೇನು ಕೆಲಸ?

ಕೊನೆಗೆ ಮೈದುನ ಎಡಗೈಯಿಂದ ಬಲಭುಜ ಹಿಡಿದುಕೊಂಡು ನಮ್ಮ ಮೆಟ್ಟಿಲ ಬಳಿ ಬಂದ. ತಲೆ ಎತ್ತಲಿಲ್ಲ. "ಸೋತೀವ್ರಿ" ಎಂದು ಹುಡುಗಿಯ ತಂದೆಗೆ ಹೇಳಿದ. ಸಂಬಂಧವೂ ಹೋಯಿತೆಂದು ಅವನ ಮುಖವೇ ಹೇಳುತ್ತಿತ್ತು.

ಅಪ್ಪನ ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತಳು. ಮರಾಠಿ ನಾಡಿನಲ್ಲೇ ಬೆಳೆದವಳು, ಕನ್ನಡ ತಡವರಿಸುತ್ತದೆ. "ಆ ಮನುಷ್ಯಾಗ... ಲಾಗ್ಲ ನಾಹೀ ನಾ? ಪೆಟ್ಟು?" ಎಂದಳು.

"ಇಲ್ರಿ. ಅಂವ ಆರಾಮ್ ಅದಾನ."

"ಮತ್ತ ನಿಮಗ?"

ಜೀಪಿನಲ್ಲಿ, ಮನೆಯಲ್ಲಿ, ಮೈದಾನದಲ್ಲಿ ಒದರುವುದೊಂದೇ ಗೊತ್ತಿದ್ದ ಗಂಡಸಿಗೆ ದನಿಯೇ ಹೊರಡಲಿಲ್ಲ. ಕಣ್ಣು ತುಂಬಿಕೊಂಡು, ಹಿಡಿದಿದ್ದ ಭುಜವನ್ನು ಗದ್ದದಿಂದ ತೋರಿಸಿದ. ಹುಡುಗಿಯ ತಂದೆ ಚೂಡಾದ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. ಮಗಳ ಮುಖ ನೋಡಿದರು, ಅವನ ಭುಜ ನೋಡಿದರು.

"ನಡೀರಿ ಅಳಿಯಂದಿರ, ಮೊದ್ಲ ದವಾಖಾನಿಗೆ ಹೋಗೂಣು" ಎಂದರು.